ಪ್ರೆಸಿಡೆಂಟ್ ಯಾರೆಂದು ತಿಳಿಯದ ಭಾನುವಾರ

ನನ್ನ ಬೆರಳುಗಳಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೋವರ್, ಹೈಯರ್ ಎರಡೂ ಪಾಸು ಮಾಡಿಕೊಂಡು, ಎಪ್ಪತ್ತರ ದಶಕದ ನಡುವಿನಲ್ಲಿ ಮುಂಬಯಿಗೆ ಬಂದು ಫೋರ್ಟಿನ ಒಂದು ಕಂಪನಿಯಲ್ಲಿ ಟೈಪಿಸ್ಟನಾಗಿ ಸೇರಿದ್ದೆ. ಬೆಳಗಿನಿಂದ ಸಂಜೆಯವರೆಗೆ ಪತ್ರ ಹೊಡೆಯುತ್ತಿದ್ದೆ. ಒಂದಕ್ಷರ ತಪ್ಪುತ್ತಿರಲಿಲ್ಲ. ಆ ಪತ್ರಗಳಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ನಿಂತಲ್ಲೇ ಬೆವರುತ್ತಿದ್ದೆ. ಪುಣ್ಯಕ್ಕೆ ಆಫೀಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುವವರೆಲ್ಲ ಪವಾಯಿಯಲ್ಲಿದ್ದರು.

ಮುಂಬಯಿಯ ಹೊರವಲಯದ ಆ ಪವಾಯಿಯಲ್ಲಿ ನಾನಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ಗೌಂಡಿ, ಗಾರೆ ಕೆಲಸದವರು. ಅವರನ್ನು ನಾನು ಮಾಮಾ ಎನ್ನುತ್ತಿದ್ದೆ. ಕೆರೆಯ ಕಡೆ ಇಂಜಿನಿಯರಿಂಗ್ ಕಾಲೇಜಿನವರ ಹೊಸ ಕ್ವಾರ್ಟರ್ಸ್ ಏಳುತ್ತಿದ್ದವು. ಅದನ್ನು ಕಟ್ಟುವ ನಮ್ಮ ಕಡೆಯ ಜನ ಅಲ್ಲೇ ಹತ್ತಿರ ತಗಡಿನ ಖೋಲಿಗಳಲ್ಲಿ ಸಾಲಾಗಿ ಇದ್ದರು. ವಿಜಾಪುರ, ಬಾಗಲಕೋಟೆ, ಗುಲಬರ್ಗಾ ಎಲ್ಲ ಆ ಒಂದು ಸಾಲಿನಲ್ಲೇ ಸಿಗುತ್ತಿತ್ತು. ಪ್ಯಾಂಟು ಹಾಕಿಕೊಂಡು ಫೋರ್ಟಿಗೆ ಹೋಗುವವನು ಆ ಸಾಲಿನಲ್ಲಿ ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ. ಇಂಗ್ಲಿಷ್ ಕಾಗದ ಯಾರಿಗೇ ಬರಲಿ, ಅದು ನನ್ನ ಮುಂದೆ ಬರುತ್ತಿತ್ತು.

ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಪ್ರಾಯದ ಸೊಕ್ಕು ಅದು. ಓದುವುದಕ್ಕೆ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಇಲ್ಲ ಎನ್ನುವ ಪತ್ರಗಳು ಯಾವಾಗಲೂ ಮೂರು ಸಾಲು. ಆಗಲಿ ಎನ್ನುವ ಪತ್ರಗಳು ಉದ್ದ. ಒಲ್ಲೆ ಎನ್ನುವವನು ಬೇಗ ಮುಗಿಸುತ್ತಾನೆ, ಕೊಡುವವನು ಹತ್ತು ಮಾತಾಡುತ್ತಾನೆ. ಆದ್ದರಿಂದ ಕಾಗದ ಗಿಡ್ಡವಿದ್ದರೆ ಮುಖ ಸಣ್ಣ ಮಾಡಿ, ಉದ್ದವಿದ್ದರೆ ನಕ್ಕು, ನಡುನಡುವೆ ಗೊತ್ತಿದ್ದ ನಾಲ್ಕು ಶಬ್ದ ಹಿಡಿದು ಅರ್ಥ ಹೇಳುತ್ತಿದ್ದೆ. ಹೆಚ್ಚಿನ ಸಲ ಅದು ಸರಿಯೇ ಆಗುತ್ತಿತ್ತು. ಅಲ್ಲೇ ಕೆಟ್ಟದ್ದು.

ನಮ್ಮ ಖೋಲಿಯ ಗೋಡೆಗೆ ಹತ್ತಿದ ಖೋಲಿ ಚಾಚಾನದು. ವಿಜಾಪುರ ಜಿಲ್ಲೆಯವರು, ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ. ಸೆಂಟ್ರಿಂಗ್ ಮಿಸ್ತ್ರಿ. ಸ್ಲ್ಯಾಬ್ ಹಾಕುವ ಮುಂಚೆ ಅದನ್ನು ಹೊರುವ ಹಲಗೆ, ಬಲ್ಲಿ ಎನ್ನುವ ಮರದ ಕಂಬಗಳನ್ನು ಕೆಳಗೆ ನಿಲ್ಲಿಸುವ ಕೆಲಸ. ಒಂದು ಬಲ್ಲಿಯನ್ನು ಬೆರಳಿನಿಂದ ತಟ್ಟಿ, ಇದು ತಡೆಯುವುದಿಲ್ಲ ಎಂದು ಅವರು ಹೇಳಿದರೆ ಅದು ತಡೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೆ ಬೇರೆಯವರ ಮಾಳಿಗೆ ಹೊತ್ತ ಮೇಲೆ ಅವರಿಗೆ ದುಬೈಯಿಂದ ಕರೆ ಬಂತು. ಏಜೆಂಟನೊಬ್ಬ ಸೈಟಿಗೇ ಬಂದು, ಅವರ ಕೆಲಸ ನೋಡಿ, ನಾಲ್ಕು ಪುಟದ ಕರಾರು ಕಾಗದ ಕೊಟ್ಟು ಹೋದ. ಸೋಮವಾರ ಬೆಳಿಗ್ಗೆ ಸಹಿ ಮಾಡಿ ಮುಟ್ಟಿಸಬೇಕಿತ್ತು. ಒಂದು ಕಾರ್ಬನ್ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು.

ಶುಕ್ರವಾರ ಸಂಜೆ ಆ ಕಾಗದ ನನ್ನ ಮುಂದೆ ಬಂತು. ಚಾಚಾನ ಹೆಂಡತಿ, ನಾವೆಲ್ಲ ಚಾಚಿ ಎನ್ನುತ್ತಿದ್ದವರು, ಒಲೆ ಆರಿಸಿ ಬಂದು ಕುಳಿತರು. ಅವರದು ಒಂದೇ ಶರತ್ತು. ಮಗಳ ನಿಕಾಹ್ ಬರುವ ವರ್ಷ ರಮಜಾನ್ ಮುಗಿದ ಮೇಲೆ ಎಂದು ಗೊತ್ತಾಗಿತ್ತು. ಗಂಡ ಆ ಹೊತ್ತಿಗೆ ಬಂದು ಹೋಗುವ ಹಾಗಿದ್ದರೆ ದುಬೈಗೆ ಹೋಗಲಿ. ಇಲ್ಲದಿದ್ದರೆ ಬೇಡವೇ ಬೇಡ. ತಂದೆಯಿಲ್ಲದವಳ ಹಾಗೆ ಮಗಳನ್ನು ಕೊಡುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು.

ನಾನು ಕಾಗದ ನೋಡಿದೆ. ನಾಲ್ಕು ಪುಟ, ಉದ್ದ. ಟೈಪು ಎಷ್ಟು ಚಂದವೆಂದರೆ ಎರಡೂ ಬದಿ ಮಾರ್ಜಿನ್ ನೂಲು ಹಿಡಿದ ಹಾಗೆ ನೆಟ್ಟಗಿತ್ತು, ಎಲ್ಲೂ ಉಜ್ಜಿ ಅಳಿಸಿದ ಗುರುತಿಲ್ಲ. ಇಷ್ಟು ಶುದ್ಧವಾಗಿ ಹೊಡೆದ ಕಾಗದದಲ್ಲಿ ಕೆಟ್ಟದ್ದು ಇರುವುದುಂಟೆ? ಮೂರನೆಯ ಪುಟದ ನಡುವೆ ವರ್ಷ ಎನ್ನುವ ಇಂಗ್ಲಿಷ್ ಶಬ್ದ ಕಣ್ಣಿಗೆ ಬಿತ್ತು. ಅದರ ಮೇಲೆ ಬೆರಳಿಟ್ಟು, ಶಾಲೆಯ ಮಾಸ್ತರನ ಗತ್ತಿನಲ್ಲಿ, ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ, ಊರಿಗೆ ಬಂದು ಹೋಗಬಹುದು ಎಂದು ಓದಿದೆ. ಚಾಚಿ ನನ್ನ ಬೆರಳನ್ನೇ ನೋಡುತ್ತಿದ್ದರು. ಕಾರ್ಬನ್ ಕಾಗದದ ನೀಲಿ ಹತ್ತಿದ ಬೆರಳು, ಅದಕ್ಕೇ ನೋಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಎದ್ದು ನನಗೆ ಸಕ್ಕರೆ ಕೊಟ್ಟರು.

ಎಲ್ಲ ಮುಗಿದ ಮೇಲೆ ಚಾಚಾನಿಗೆ ಒಂದೇ ಚಿಂತೆ ಉಳಿಯಿತು. ವಿಮಾನದ ಒಳಗೆ ಹೇಗಿರುತ್ತದೆ? ಹೊರಗಿನಿಂದ ದಿನಕ್ಕೆ ಹತ್ತು ಸಲ ನೋಡುತ್ತಿದ್ದರು, ನಮ್ಮ ತಗಡಿನ ಮೇಲೇ ಹಾದುಹೋಗುತ್ತಿದ್ದವು. ಒಳಗೆ ಎಲ್ಲಿ ಕೂರುವುದು, ಏನು ಹಿಡಿದುಕೊಳ್ಳುವುದು, ಗೊತ್ತಿಲ್ಲದೆ ಹೋಗಿ ನಾಲ್ಕು ಜನರೆದುರು ನಗೆಪಾಟಲಾಗಲು ಅವರಿಗೆ ಮನಸ್ಸಿರಲಿಲ್ಲ. ಆಗ ಮಾಮಾ ಒಂದು ಸುದ್ದಿ ತಂದರು. ಗ್ರಾಂಟ್ ರೋಡ್‌ನ ಒಂದು ಟಾಕೀಸಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಇಂಗ್ಲಿಷ್ ಪಿಕ್ಚರ್ ಬಂದಿದೆ. ಒಂದು ದೇಶದ ಪ್ರೆಸಿಡೆಂಟ್ ಹೋಗುವ ವಿಮಾನವನ್ನು ಕಳ್ಳರು ಹಾರಿಸಿಕೊಂಡು ಹೋಗುವ ಕಥೆ. ಮೊದಲಿನಿಂದ ಕೊನೆಯವರೆಗೆ ಎಲ್ಲ ವಿಮಾನದ ಒಳಗೇ. ಅರ್ಥ ಹೇಳಲು ನಾನಿದ್ದೇನಲ್ಲ.

ಆ ಪಿಕ್ಚರಿನ ಹೆಸರು ಈಗ ನೆನಪಿಲ್ಲ. ಅವತ್ತೂ ಸರಿಯಾಗಿ ಓದಿಕೊಂಡಿದ್ದೆನೋ ಇಲ್ಲವೋ.

ಭಾನುವಾರ ಮೂವರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ವಿಕ್ರೋಳಿಗೆ ಬಂದು ಲೋಕಲ್ ಹತ್ತಿದೆವು. ದಾದರಿನಲ್ಲಿ ಗಾಡಿ ಬದಲಾಯಿಸಬೇಕು. ಆದರೆ ಮಾಟುಂಗ ಬಂದದ್ದೇ ಮಾಮಾ ಇಳಿದುಬಿಟ್ಟರು. ಇಷ್ಟು ದೂರ ಬಂದು ಉಡುಪಿ ಹೋಟೆಲಿನ ಇಡ್ಲಿ ತಿನ್ನದೆ ಹೋಗುವುದು ಅವರ ಲೆಕ್ಕದಲ್ಲಿ ಪಾಪ. ಹೊತ್ತಾಗುತ್ತದೆ ಎಂದು ಚಾಚಾ ಗೊಣಗಿದರು. ಮಾಮಾ ಮಹಾ ಅನುಭವಸ್ಥರು. ಯಾವ ಟಾಕೀಸಿನಲ್ಲೂ ಮೊದಲ ಅರ್ಧ ತಾಸು ಸರ್ಕಾರದ ವಾರ್ತಾಚಿತ್ರ, ಸಾಬೂನು, ಹಲ್ಲುಪುಡಿ, ನಿಜವಾದ ಕಥೆ ಆಮೇಲೆಯೇ ಎಂದು ಸಮಾಧಾನ ಹೇಳಿ ಎರಡನೆಯ ಪ್ಲೇಟ್ ತರಿಸಿದರು. ಹಿಂದಿ ಪಿಕ್ಚರುಗಳ ಲೆಕ್ಕ ಅದು. ಅವತ್ತು ಆ ಟಾಕೀಸಿನವನು ಸಾಬೂನನ್ನೂ ತೋರಿಸಲಿಲ್ಲ, ಹಲ್ಲುಪುಡಿಯನ್ನೂ ತೋರಿಸಲಿಲ್ಲ. ನಾವು ಕತ್ತಲಲ್ಲಿ ಬೇರೆಯವರ ಕಾಲು ತುಳಿಯುತ್ತ ಕುರ್ಚಿ ಹುಡುಕುವ ಹೊತ್ತಿಗೆ ವಿಮಾನ ಆಕಾಶದಲ್ಲಿತ್ತು, ಅರ್ಧ ಹೊಡೆದಾಟ ಮುಗಿದಿತ್ತು.

ಕುಳಿತದ್ದೇ ಚಾಚಾ ಮೊದಲು ತಲೆಯೆತ್ತಿ ಟಾಕೀಸಿನ ಮಾಳಿಗೆ ನೋಡಿದರು. ಇಷ್ಟಗಲ ಸ್ಲ್ಯಾಬಿಗೆ ನಡುವೆ ಒಂದೂ ಕಂಬವಿಲ್ಲವಲ್ಲ ಎಂದು ಬೆರಗಾದರು. ಆಮೇಲೆ ಪರದೆಯ ಕಡೆ ತಿರುಗಿ ನನ್ನ ಕಿವಿಯಲ್ಲಿ ಕೇಳಿದರು.

"ಪ್ರೆಸಿಡೆಂಟ್ ಯಾರು ತಮ್ಮಾ?"

ಪರದೆಯ ಮೇಲೆ ಇಬ್ಬರು ಮುಖ್ಯ ಮನುಷ್ಯರು ಬಂದು ಹೋಗುತ್ತಿದ್ದರು. ಒಬ್ಬರು ವಯಸ್ಸಾದವರು. ಬೆಳ್ಳಿ ಕೂದಲು, ಚಿನ್ನದ ಕಟ್ಟಿನ ಕನ್ನಡಕ, ಕೋಟಿನ ಒಳಗೆ ಇನ್ನೊಂದು ಕೋಟು. ಮುಂದಿನ ದೊಡ್ಡ ಕುರ್ಚಿಯಲ್ಲಿ ಕುಳಿತು ಮೆಲ್ಲಗೆ ಮಾತಾಡುತ್ತಿದ್ದರು. ಒಬ್ಬ ಹುಡುಗ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಇನ್ನೊಬ್ಬ ಚಹಾ ತಂದುಕೊಡುತ್ತಿದ್ದ. ಎರಡನೆಯವನು ನಲವತ್ತರ ಆಸುಪಾಸಿನ ಗಟ್ಟಿ ಆಳು. ಹರಿದ ಅಂಗಿ, ಹಣೆಯಲ್ಲಿ ರಕ್ತ. ವಿಮಾನದ ಹೊಟ್ಟೆಯಲ್ಲಿ ಪೆಟ್ಟಿಗೆಗಳ ನಡುವೆ ಅವಿತು ಕುಳಿತು, ಸಿಕ್ಕವರ ತಲೆಗೆ ಕಬ್ಬಿಣದ ಸಿಲಿಂಡರಿನಿಂದ ಬಡಿಯುತ್ತಿದ್ದ.

ಇದರಲ್ಲಿ ಯೋಚಿಸುವುದೇನಿದೆ? ನಮ್ಮ ದೇಶದ ರಾಷ್ಟ್ರಪತಿಗಳನ್ನು ನಾವು ಕ್ಯಾಲೆಂಡರಿನಲ್ಲಿ, ಪೇಪರಿನಲ್ಲಿ ನೋಡಿದವರು. ವಯಸ್ಸಾದವರು, ಶಾಂತ ಮುಖದವರು, ಗುಂಡಿಯೆಲ್ಲ ಹಾಕಿದ ಕೋಟಿನವರು. ಜನವರಿ ಇಪ್ಪತ್ತಾರಕ್ಕೆ ನಿಂತು ಸೆಲ್ಯೂಟ್ ತೆಗೆದುಕೊಳ್ಳುವವರು. ಅವರು ಓಡಿದ್ದನ್ನು ಕಂಡವರಿಲ್ಲ, ಒಬ್ಬನ ಕೊರಳಪಟ್ಟಿ ಹಿಡಿದದ್ದನ್ನು ಕೇಳಿದವರಿಲ್ಲ. ಹರಿದ ಅಂಗಿಯವನು ಪ್ರೆಸಿಡೆಂಟ್ ಆಗುವುದಾದರೆ ನಮ್ಮ ಸೈಟಿನ ಆಳುಗಳ ಮೇಲಿನ ಮುಕಾದಮನೂ ಆಗಬಹುದು. ಕನ್ನಡಕದವರೇ ಪ್ರೆಸಿಡೆಂಟ್, ಅಂಗಿ ಹರಿದವನೇ ಕಳ್ಳರ ಮುಖ್ಯಸ್ಥ ಎಂದು ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಅಲ್ಲಿಂದ ಮುಂದೆ ನನ್ನ ಪಾಡು ದೇವರಿಗೇ ಪ್ರೀತಿ. ಪ್ರೆಸಿಡೆಂಟರು ಚೀಲದಿಂದ ಪಿಸ್ತೂಲು ತೆಗೆದರು. ಕಳ್ಳನಿದ್ದಾನಲ್ಲ, ಜೀವರಕ್ಷಣೆಗೆ ಬೇಕಾಗುತ್ತದೆ ಎಂದೆ. ಪ್ರೆಸಿಡೆಂಟರು ರಾಜಧಾನಿಗೆ ವೈರ್‌ಲೆಸ್ಸಿನಲ್ಲಿ ಮಾತಾಡಿದರೆ ಅಲ್ಲಿ ಮಂತ್ರಿಗಳೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಮೇಲಿನವರ ಫೋನು ಬಂದರೆ ಕೆಳಗಿನವರು ಬೆವರುವುದು ನಮ್ಮ ಆಫೀಸಿನಲ್ಲೂ ಉಂಟು. ಪ್ರೆಸಿಡೆಂಟರ ಕಡೆಯವರು ಒಬ್ಬ ಹೆಂಗಸನ್ನೂ ಸಣ್ಣ ಹುಡುಗಿಯನ್ನೂ ಕುರ್ಚಿಗೆ ಕಟ್ಟಿಹಾಕಿದರು. ಇಲ್ಲಿ ನಾನು ಸ್ವಲ್ಪ ತಡವರಿಸಿದೆ. ಪಕ್ಕದಿಂದ ಮಾಮಾ ತಿವಿದರು. ಅವರು ಕಳ್ಳನ ಹೆಂಡತಿ ಮಗಳು, ಅವರನ್ನು ಹಿಡಿದಿಟ್ಟರೆ ಕಳ್ಳ ಶರಣಾಗುತ್ತಾನೆ ಎಂದು ಪ್ರೆಸಿಡೆಂಟರ ಉಪಾಯ ಎಂದೆ. ಹೆಂಗಸರನ್ನು ಕಟ್ಟುವುದು ಆ ದರ್ಜೆಯ ಮನುಷ್ಯನಿಗೆ ಶೋಭೆಯಲ್ಲ ಎಂದು ಚಾಚಾ ಬೇಸರಪಟ್ಟರು.

ಒಂದೊಂದು ಸುಳ್ಳಿಗೆ ಇನ್ನೊಂದನ್ನು ಊರುಗೋಲು ಕೊಟ್ಟು ನಿಲ್ಲಿಸುತ್ತ ಹೋದೆ. ಸುಳ್ಳು ಎಂದು ಗೊತ್ತಿದ್ದರೆ ಅದು ಬೇರೆ ಮಾತು. ನನಗೆ ಗೊತ್ತಿರಲಿಲ್ಲ, ಅದೇ ಗೋಳು. ಟಾಕೀಸು ನಗುವಾಗ ನಾವು ಮೂವರು ಸುಮ್ಮನಿದ್ದೆವು. ಕಳ್ಳ ಏಟು ತಿಂದಾಗ ಟಾಕೀಸೆಲ್ಲ ಅಯ್ಯೋ ಎಂದರೆ ಮಾಮಾ ಒಬ್ಬರೇ ಚಪ್ಪಾಳೆ ತಟ್ಟಿದರು, ಹತ್ತು ತಲೆ ಹಿಂದಕ್ಕೆ ತಿರುಗಿದವು. ಇಡೀ ಮುಂಬಯಿ ಕಳ್ಳನ ಕಡೆಗಿದೆಯೋ, ನಾವೇ ಬೇರೆ ಪಿಕ್ಚರ್ ನೋಡುತ್ತಿದ್ದೇವೋ ತಿಳಿಯದೆ ನನ್ನ ತಲೆ ಗಿರಗಿರ ತಿರುಗಿತು. ಒಬ್ಬ ಚಾಚಾ ಮಾತ್ರ ನೆಮ್ಮದಿಯಾಗಿದ್ದರು. ಅವರಿಗೆ ಕಥೆ ಅರ್ಧ ಸಾಕಿತ್ತು. ಕುರ್ಚಿಗಳ ಸಾಲು, ಸೊಂಟಕ್ಕೆ ಹಾಕುವ ಬೆಲ್ಟು, ಸಂಡಾಸಿನ ಬಾಗಿಲು ಯಾವ ಕಡೆ ತೆರೆಯುತ್ತದೆ ಎನ್ನುವುದು, ಎಲ್ಲವನ್ನೂ ಅಳತೆ ತೆಗೆದುಕೊಳ್ಳುವವರ ಹಾಗೆ ನೋಡುತ್ತಿದ್ದರು.

ಕೊನೆಗೆ ವಿಮಾನ ಯಾವುದೋ ಮರಳುಗಾಡಿನಲ್ಲಿ ಇಳಿಯಿತು. ನಮ್ಮ ಪ್ರೆಸಿಡೆಂಟರು ಚೀಲ ಹಿಡಿದು ಓಡಿದರು. ಹರಿದ ಅಂಗಿಯವನು ಬೆನ್ನಟ್ಟಿ ಅವರನ್ನು ಮರಳಿನಲ್ಲಿ ಕೆಡವಿ ಮೇಲೆ ಕುಳಿತ. ಜೀಪುಗಳಲ್ಲಿ ಮಿಲಿಟರಿಯವರು ಬಂದರು. ಈಗ ಗತಿ ಕಂಡ ಕಳ್ಳ ಎಂದು ನಾನು ಉಸಿರು ಬಿಟ್ಟೆ. ಮಿಲಿಟರಿಯವರು ಸಾಲಾಗಿ ನಿಂತು ಹರಿದ ಅಂಗಿಯವನಿಗೆ ಸೆಲ್ಯೂಟ್ ಹೊಡೆದರು.

"ಕಳ್ಳಗ ಯಾಕ ಸೆಲ್ಯೂಟ್ ಹೊಡ್ಯಾಕತ್ತಾರ?" ಮಾಮಾ ಕೇಳಿದರು.

ಮಿಲಿಟರಿಯವರೂ ಕಳ್ಳನ ಕಡೆ ಸೇರಿದ್ದಾರೆ ಎಂದೆ. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು, ಆ ದೇಶದ ಬಾವುಟ ಮೇಲೇರಿತು, ಟಾಕೀಸೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಮಾಮಾ ತಡೆಯಲಾರದೆ ಮುಂದಿನ ಸಾಲಿನವನ ಹೆಗಲು ತಟ್ಟಿ, ಪ್ರೆಸಿಡೆಂಟ್ ಕೌನ್ ಹೈ ಎಂದು ಕೇಳಿಯೇ ಬಿಟ್ಟರು. ಅವನು ಹುಚ್ಚನನ್ನು ನೋಡುವ ಹಾಗೆ ಮಾಮಾನ ಮುಖ ನೋಡಿ, ಹರಿದ ಅಂಗಿಯವನ ಕಡೆ ಕೈ ತೋರಿಸಿದ.

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಸಣ್ಣವನಿದ್ದಾಗಿನಿಂದ ಕೇಳಿದ್ದೆ. ಕೇಳಿ ಏನು ಬಂತು?

ಹೊರಗೆ ಬಂದ ಮೇಲೆ ಮಾಮಾ ನಕ್ಕದ್ದೇ ನಕ್ಕದ್ದು. ಎರಡು ತಾಸು ಕಳ್ಳನಿಗೆ ಚಪ್ಪಾಳೆ ಹೊಡೆಸಿದೆಯಲ್ಲೋ ಎಂದು ನನ್ನ ಬೆನ್ನಿಗೆ ಗುದ್ದಿದರು. ಅಕ್ಕನಿಗೆ ಇದನ್ನು ಹೇಗೆ ಹೇಳುವುದೆಂದು ಆಗಲೇ ಜೋಡಿಸತೊಡಗಿದ್ದರು. ಚಾಚಾ ನಗಲಿಲ್ಲ. ಗ್ರಾಂಟ್ ರೋಡ್ ಸ್ಟೇಶನ್ನಿನ ಮೆಟ್ಟಿಲು ಹತ್ತಿದೆವು. ಪ್ಲಾಟ್‌ಫಾರಮ್ಮಿನಲ್ಲಿ ಒಂದು ಗಾಡಿ ಬಂದು ಹೋಯಿತು, ಅವರು ಹತ್ತಲಿಲ್ಲ. ಅಂಗಿಯ ಒಳಗಿನ ಕಿಸೆಯಿಂದ ಮಡಚಿದ ಕರಾರು ಕಾಗದ ತೆಗೆದರು. ಎಲ್ಲಿಗೆ ಹೋದರೂ ಅದನ್ನು ಮೈಮೇಲೆ ಇಟ್ಟುಕೊಂಡೇ ಹೋಗುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

"ಇದನ್ನೂ ಹಿಂಗ ಓದೀದೇನ್ ತಮ್ಮಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತಾನಾಗಿ ನನ್ನ ಕಿಸೆಯ ಪೆನ್ನಿನ ಮೇಲೆ ಹೋಯಿತು. ಆ ಕಾಗದದಲ್ಲಿ ಏನಿದೆ ಎಂದು ನನಗೆ ನಿಜವಾಗಿಯೂ ಗೊತ್ತಿಲ್ಲ ಎನ್ನುವುದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಚಾಚಾ ಎಂದೆ. ಮುಂಬಯಿಗೆ ಬಂದ ಮೇಲೆ ಆ ಮಾತು ಹೇಳಿದ್ದು ಅದೇ ಮೊದಲು. ಮಾಮಾನ ನಗೆ ನಿಂತುಹೋಯಿತು.

ಮತ್ತೆ ಮಾಟುಂಗಕ್ಕೆ ಬಂದೆವು. ಅಲ್ಲಿ ಒಂದು ಕನ್ನಡ ಸಂಘದ ವಾಚನಾಲಯವಿತ್ತು, ಭಾನುವಾರವೂ ತೆರೆದಿರುತ್ತಿತ್ತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ದಕ್ಷಿಣ ಕನ್ನಡದ ಹಿರಿಯರೊಬ್ಬರು ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. ಚಾಚಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕಾಗದ ಕೊಟ್ಟರು. ಅವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ತುಟಿ ಅಲ್ಲಾಡಿಸುತ್ತ, ನಿಧಾನವಾಗಿ ಓದಿದರು. ಓದುವುದು ಎಂದರೆ ಅಷ್ಟು ಹೊತ್ತು ಹಿಡಿಯುವ ಕೆಲಸ ಎಂದು ನೋಡುತ್ತ ನಿಂತೆ. ಕೆಲಸ ಸೆಂಟ್ರಿಂಗಿನದೇ, ಉಳಿಯಲು ಜಾಗ ಕೊಡುತ್ತಾರೆ, ಕಾಗದದಲ್ಲಿ ಮೋಸವಿಲ್ಲ ಎಂದರು. ಆಮೇಲೆ ಮೂರನೆಯ ಪುಟ ತಿರುವಿ, ನಾನು ಬೆರಳಿಟ್ಟಿದ್ದ ಜಾಗದಲ್ಲೇ ಬೆರಳಿಟ್ಟರು.

"ಮೂರು ವರ್ಷ ಇರ್ಬೇಕು. ನಡುವೆ ಊರಿಗೆ ಬರ್ಲಿಕ್ಕೆ ಇಲ್ಲ ಮಾರಾಯ್ರೆ. ಯಾವ ಕಾರಣಕ್ಕೂ ಇಲ್ಲ ಅಂತ ಬರ್ದಿದ್ದಾರೆ."

ಅವರು ಬಾಯಲ್ಲಿ ಹೇಳಿದ ಆ ಸಾಲುಗಳು ಒಂದೊಂದೂ ನನ್ನ ತಲೆಯಲ್ಲಿ ಅಚ್ಚಾಗಿ ಉಳಿದಿವೆ.

ಮಾಟುಂಗ ಸ್ಟೇಶನ್ನಿನ ಬೆಂಚಿನ ಮೇಲೆ ಚಾಚಾ ಕುಳಿತರು. ಹೋಗುವುದು ಬಿಟ್ಟುಬಿಡು, ಮಗಳ ಮದುವೆ ದೊಡ್ಡದು ಎಂದು ಮಾಮಾ ಹೇಳಿದರು. ಚಾಚಾ ಹೂಂ ಎಂದರು. ಆಮೇಲೆ, ಯಾರಿಗೂ ಅಲ್ಲ ಎನ್ನುವ ಹಾಗೆ, ಇಪ್ಪತ್ತು ವರ್ಷದಲ್ಲಿ ತನ್ನ ಕೆಲಸ ನೋಡಿ ನೀನೇ ಬೇಕು ಎಂದು ಹುಡುಕಿಕೊಂಡು ಬಂದವನು ಆ ಏಜೆಂಟನೊಬ್ಬನೇ ಎಂದರು. ಇನ್ನೂ ಏನೇನೋ ಹೇಳಿದರು, ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಮನ್ಯಾಗ ಮತ್ತ ಓದು ಅಂದ್ರ, ಮೊನ್ನೆ ಓದಿದಂಗ ಓದು."

ಈಗ ಗೊತ್ತಾಗಿದೆಯಲ್ಲ, ಹೇಗೆ ಓದಲಿ ಎಂದೆ.

"ಗೊತ್ತಿಲ್ಲದಾಗ ಛಲೋ ಓದಿದ್ದಿ. ಹಂಗ ಓದು."

ಅದು ಶಿಕ್ಷೆಯೋ ಬೇಡಿಕೆಯೋ ತಿಳಿಯಲಿಲ್ಲ. ತಪ್ಪು ಮಾಡಿದವನು ನಾನು, ಅದನ್ನು ತಿದ್ದಲು ಬಿಡದವರು ಅವರು. ಒಲ್ಲೆ ಎಂದರೆ ಅವರ ಆಸೆ ಮುರಿಯುತ್ತದೆ, ಒಪ್ಪಿದರೆ ಚಾಚಿಯ ನಂಬಿಕೆ. ಮಾಮಾ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಗಾಡಿ ಬಂತು, ಹತ್ತಿದೆವು.

ನಾವು ಮುಟ್ಟಿದಾಗ ಚಾಚಿ ರೊಟ್ಟಿ ಬಡಿಯುತ್ತಿದ್ದರು, ಇನ್ನೂ ಬಿಸಿಲಿತ್ತು. ಚಾಚಾ ಬಾಗಿಲಲ್ಲೇ ಕುಳಿತು ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಬಿಗಿದು, ವಿಮಾನದ ಬೆಲ್ಟು ಹೇಗೆ ಹಾಕುತ್ತಾರೆಂದು ತೋರಿಸಿದರು. ಬಿಚ್ಚಿ ಮತ್ತೆ ತೋರಿಸಿದರು. ಮಗಳು ನಗುತ್ತ ತಾನೂ ಓಢಣಿ ಕಟ್ಟಿಕೊಂಡು ನೋಡಿದಳು. ಚಾಚಿ ನನ್ನನ್ನು ಪಿಕ್ಚರಿನ ಕಥೆ ಕೇಳಿದರು. ಹೇಳಲು ಹೋದೆ, ಯಾರನ್ನು ಪ್ರೆಸಿಡೆಂಟ್ ಎನ್ನುವುದೆಂದು ತೊಡರಿತು. ಅವರಿಗೆ ಬೇಕಾಗಿದ್ದದ್ದು ಒಂದೇ.

"ಕಡೀಕ ಅಂವ ಮನೀಗೆ ಬಂದ್ನೇನು?"

ಬಂದ ಎಂದೆ. ಅವತ್ತು ಆ ಖೋಲಿಯಲ್ಲಿ ನಾನು ಹೇಳಿದ ನಿಜ ಅದೊಂದೇ.

ಯಾಕೆಂದರೆ ಆಮೇಲೆ ಚಾಚಿ ಕಾರ್ಬನ್ ಪ್ರತಿ ತಂದು ನನ್ನ ಮುಂದಿಟ್ಟರು. ಮಗಳೂ ಒಂದು ಸಲ ತನ್ನ ಕಿವಿಯಿಂದ ಕೇಳಲಿ ಎಂದರು. ಚಾಚಾ ಬಾಗಿಲ ಹೊರಗೆ ನೋಡುತ್ತ ಕುಳಿತಿದ್ದರು, ವಸ್ತ್ರ ಇನ್ನೂ ಸೊಂಟದಲ್ಲೇ ಇತ್ತು. ನಾನು ಓದಿದೆ. ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ, ಊರಿಗೆ ಬಂದು ಹೋಗಬಹುದು. ಒಂದು ಶಬ್ದವೂ ತಡವರಿಸಲಿಲ್ಲ. ಇಷ್ಟು ಸರಾಗವಾಗಿ ಸುಳ್ಳು ಓದಬಲ್ಲೆ ಎಂದು ನನಗೇ ಹೆದರಿಕೆಯಾಯಿತು. ಮನೆಗೆ ಬಂದು ಅಕ್ಕ ಬಡಿಸಿದ್ದನ್ನು ಮುಟ್ಟದೆ ಎದ್ದೆ.

ಚಾಚಾ ಸೋಮವಾರ ಕನ್ನಡದಲ್ಲಿ ಸಹಿ ಮಾಡಿದರು. ಮೂರನೆಯ ಇಯತ್ತೆಯವರೆಗೆ ಕಲಿತಿದ್ದರು. ಮುಂದಿನ ತಿಂಗಳು ಸಾಂತಾಕ್ರೂಜ್‌ನಿಂದ ವಿಮಾನ ಹತ್ತಿದರು. ಹೋದ ಮೇಲೆ ಬರೆದ ಮೊದಲ ಪತ್ರದಲ್ಲಿ, ಪಕ್ಕದ ಸೀಟಿನವನಿಗೆ ಬೆಲ್ಟು ಹಾಕಲು ತಾನೇ ಕಲಿಸಿದೆ ಎಂದು ತಮ್ಮ ಗುಂಡುಗುಂಡು ಅಕ್ಷರದಲ್ಲಿ ಬರೆದಿದ್ದರು. ಆ ವರ್ಷವೆಲ್ಲ ನಾನು ಚಾಚಿಯ ಕಣ್ಣು ತಪ್ಪಿಸಿ ತಿರುಗಿದೆ. ನೀರು ಹಿಡಿಯಲು ಅವರು ನಲ್ಲಿಯ ಬಳಿ ಇದ್ದರೆ ಬಕೆಟ್ಟು ತಗೊಂಡು ಹಿಂದಕ್ಕೆ ಬರುತ್ತಿದ್ದೆ. ರಾತ್ರಿಶಾಲೆಗೆ ಸೇರಿ, ಮೊದಲಿನಿಂದ, ಮಕ್ಕಳ ಇಂಗ್ಲಿಷ್ ಪುಸ್ತಕ ಹಿಡಿದೆ.

ರಮಜಾನ್ ಶುರುವಾಗುವ ಮುಂಚೆ ಚಾಚಾನ ಇನ್ನೊಂದು ಪತ್ರ ಬಂತು. ಕಂಪನಿ ರಜೆ ಕೊಡಲಿಲ್ಲ, ನಿಕಾಹ್ ನಿಲ್ಲಿಸಬೇಡಿ ಎಂದಿತ್ತು. ಅವತ್ತೇ ಚಾಚಿ ನನ್ನನ್ನು ಕರೆಸಿದರು. ಟ್ರಂಕಿನಿಂದ ಕಾರ್ಬನ್ ಪ್ರತಿ ತೆಗೆದು ನೆಲದ ಮೇಲೆ ಹರವಿದರು. ಮೂರನೆಯ ಪುಟದ ನಡುವೆ ತಮ್ಮ ಬೆರಳಿಟ್ಟರು. ಆಮೇಲೆ ನಾಲ್ಕನೆಯ ಪುಟ ತಿರುವಿ, ಮೇಲುಗಡೆ ಒಂದು ಕಡೆ ಇಟ್ಟರು.

"ಮೊದ್ಲ ಓದಿದಾಗ ನಿನ್ನ ಬಟ್ಟು ಇಲ್ಲಿತ್ತು. ಸಿನೆಮಾ ನೋಡಿ ಬಂದ ದಿವ್ಸ ಇಲ್ಲಿತ್ತು. ಮಾತು ಅವ, ಜಾಗಾ ಬ್ಯಾರೆ."

ಅಕ್ಷರ ಬಾರದ ಹೆಂಗಸು. ನಾನು ನಿಜವಾದ ಸಾಲಿನ ಮೇಲೆ ಸುಳ್ಳು ಓದಲು ಹೆದರಿ, ನನಗೇ ತಿಳಿಯದೆ ಬೆರಳನ್ನು ಬೇರೆ ಪುಟಕ್ಕೆ ಒಯ್ದಿದ್ದೆ. ಅವರು ಅದನ್ನು ಒಂದು ವರ್ಷ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ನನಗೆ ಅಳು ಬಂತು, ತಡೆಯಲಿಲ್ಲ. ಗೊತ್ತಿದ್ದೂ ಯಾಕೆ ಕಳಿಸಿದಿರಿ ಎಂದು ಕೇಳಿದೆ.

"ವಸ್ತ್ರ ಸೊಂಟಕ್ಕ ಕಟ್ಕೊಂಡು ಕುಂತಿದ್ರಲ್ಲ, ಅವರ ಮಾರಿ ನೋಡಿದ್ದಿಲ್ಲೇನು ನೀ?"

ತನಗೆ ಮೊದಲೇ ತಿಳಿದಿತ್ತೆಂದು ಗಂಡನಿಗೆ ಗೊತ್ತಾಗುವುದು ಬೇಡ ಎಂದರು. ಆಮೇಲೆ, ಈಗ ಖರೇ ಏನಿದೆಯೋ ಅದನ್ನು ಓದು ಎಂದರು. ಮೂರನೆಯ ಪುಟದ ಮೇಲೆ ಬೆರಳಿಟ್ಟು, ಮಾಟುಂಗದ ಹಿರಿಯರು ಹೇಳಿದ್ದನ್ನು ಇದ್ದ ಹಾಗೆ ಓದಿದೆ. ಅವರು ಪೂರ್ತಿ ಕೇಳಿ, ಕಾಗದ ಮಡಚಿ, ಮದುವೆಯ ದಿನ ಬಾಗಿಲಲ್ಲಿ ನಿಲ್ಲಲು ನನಗೆ ಹೇಳಿದರು. ಬಂದವರೆಲ್ಲ ತಂದೆ ಎಲ್ಲಿ ಎಂದು ಕೇಳುತ್ತಾರೆ, ಒಬ್ಬೊಬ್ಬರಿಗೂ ಉತ್ತರ ಕೊಡುವುದು ತನ್ನಿಂದ ಆಗುವುದಿಲ್ಲ ಎಂದರು.

ನಿಂತೆ. ಊರಿನಿಂದ ಬಂದವರು, ಸೈಟಿನವರು, ಗಂಡಿನ ಕಡೆಯವರು, ಎಲ್ಲರೂ ಕೇಳಿದರು. ಮೂರು ವರ್ಷದ ಕರಾರು, ನಡುವೆ ಬರುವಂತಿಲ್ಲ ಎಂದು ಎಲ್ಲರಿಗೂ ಹೇಳಿದೆ. ಗಂಡಿನ ಕಡೆಯ ಒಬ್ಬ ಮುದುಕರು ಒಪ್ಪಲಿಲ್ಲ. ಮಗಳ ನಿಕಾಹ್‌ಗೂ ಬಿಡದಂಥ ಕಾಗದ ದುನಿಯಾದಲ್ಲಿ ಎಲ್ಲಿರುತ್ತದೆ, ನೀನು ತಪ್ಪು ಓದಿರಬೇಕು ಎಂದು ಎಲ್ಲರೆದುರು ಜೋರಾಗಿ ಹೇಳಿದರು. ತಪ್ಪು ಓದುವವನು ಎನ್ನುವುದಕ್ಕೆ ನನ್ನಷ್ಟು ಸಾಕ್ಷಿ ಯಾರಲ್ಲಿತ್ತು? ಒಳಗೆ ಹೆಂಗಸರ ನಡುವೆ ಮಗಳ ತಲೆಗೆ ಹೂ ಕಟ್ಟುತ್ತಿದ್ದ ಚಾಚಿ ಪರದೆಯ ಆಚೆಯಿಂದಲೇ ಅಂದರು:

"ಇಲ್ರಿ. ಹುಡುಗ ಬರೋಬ್ಬರಿ ಓದ್ಯಾನ."